ಬೆನ್ನ ಹಿಂದೆ ಕೈ ಕಟ್ಟಿ ನಿಲ್ಲುವವರ ಊರು

ಶಹಾಪುರ ಬಿಡುವಾಗ

ಪರದೇಶಕ್ಕೆ ಹೊರಟವರಿಗೆ ನನ್ನದೊಂದು ಸಲಹೆ. ಉಪ್ಪಿನಕಾಯಿ ಒಯ್ಯಿರಿ, ಬಿಡಿರಿ, ಹೆಗಲ ಮೇಲೊಂದು ವಲ್ಲಿ ಮಾತ್ರ ಇರಲಿ. ಬೆವರು ಒರೆಸಲು ಬರುತ್ತದೆ, ಚಳಿಗೆ ಕಿವಿ ಮುಚ್ಚಲು ಬರುತ್ತದೆ, ವಿಮಾನದಲ್ಲಿ ಮುಖ ಮುಚ್ಚಿ ಮಲಗಲು ಬರುತ್ತದೆ. ನನಗೆ ಅದು ಇನ್ನೊಂದು ಕೆಲಸಕ್ಕೂ ಬಂತು. ಅದನ್ನು ಹೇಳದೆ ಇರಲಾಗದೆ ಇಷ್ಟು ಬರೆಯುತ್ತಿದ್ದೇನೆ.

ನಾನು ಮೊದಲು ದನದ ದಲಾಲ, ಈಗ ಹಳೆಯ ಟ್ರ್ಯಾಕ್ಟರುಗಳ ವ್ಯಾಪಾರಿ. ಮೀಸೆ ಮೂಡುವ ಮೊದಲೇ ಸುರಪುರದ ಕಡೆಯ ಹಳ್ಳಿಗಳಿಂದ ಎತ್ತು ಹೊಡೆದುಕೊಂಡು ಸಂತೆಗೆ ಬರುತ್ತಿದ್ದೆ. ವ್ಯಾಪಾರ ಕಲಿಸಿದವನು ಅಣ್ಣ ಮರೆಪ್ಪ. ಆ ಅಣ್ಣನಿಗೆ ಲಕ್ವಾ ಹೊಡೆದು, ಬಲಗಡೆ ಬಿದ್ದುಹೋಗಿ, ಈಗ ಮಂಚ ಹಿಡಿದಿದ್ದಾನೆ. ಅವನ ಮಗಳು ಪೂರ್ಣಿಮಾ ಕಲಬುರಗಿಯಲ್ಲಿ ಫಿಜಿಯೋಥೆರಪಿ ಓದಿ ಡೆನ್ಮಾರ್ಕ್ ದೇಶ ಸೇರಿದ್ದಾಳೆ. ವಯಸ್ಸಾದವರ ಬಗ್ಗೆ, ಕೈಕಾಲು ಸೋತವರ ಬಗ್ಗೆ ಅಲ್ಲಿನ ಸರ್ಕಾರ ನಡೆಸುವ ಸಂಶೋಧನೆಯಲ್ಲಿ ಅವಳಿಗೆ ಕೆಲಸ. ಗುಂಡಿ ಒತ್ತಿದರೆ ತಾನೇ ಏಳುವ, ತಾನೇ ಬಾಗುವ ಮಂಚಗಳು ಅಲ್ಲಿ ಹಳತಾದವೆಂದು ಮೂಲೆ ಸೇರುತ್ತವೆ ಎಂದು ಒಮ್ಮೆ ಫೋನಿನಲ್ಲಿ ಹೇಳಿದ್ದಳು. ಹಳೆಯ ಮಾಲು ಎಂದ ಕೂಡಲೇ ನನ್ನ ಕಿವಿ ನೆಟ್ಟಗಾದವು. ಅಂಥದ್ದೊಂದನ್ನು ಅಣ್ಣನಿಗೆ ತರುತ್ತೇನೆಂದು ಹೊರಟೆ.

ಹೊರಡುವ ಹೊತ್ತಿಗೆ ಅತ್ತಿಗೆ ದೇವಮ್ಮ ಅಣ್ಣನ ತಲೆಯನ್ನು ತೋಳಮೇಲೆ ಇಟ್ಟುಕೊಂಡು ಚಹಾ ಕುಡಿಸುತ್ತಿದ್ದಳು. ಅವನ ಸೊಸೆ ಕಾಲು ಒತ್ತುತ್ತಿದ್ದಳು. ಅಣ್ಣ ಕಿಟಕಿಯಾಚೆ, ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಕಡೆ ಕಣ್ಣು ಹಾಯಿಸಿ ಸೊಟ್ಟ ಬಾಯಲ್ಲೇ ಹೇಳಿದ.

"ಹೋಗಿ ಬಾರಲೇ ಭೀಮ್ಯಾ. ಈ ಊರಾಗ ಮಲಗಿದಾವ್ರು ಇಬ್ರೇ. ಒಂದು ಆ ಗುಡ್ಡದ ಬುದ್ಧ, ಇನ್ನೊಂದು ನಾ. ಆತಗ ಮಂಚ ಬ್ಯಾಡಾಗ್ಯಾದ. ನನಗೊಂದು ತಾ."

ಇಳಿದ ದಿನ

ಯಾದಗಿರಿಯಿಂದ ಹೈದರಾಬಾದು, ಅಲ್ಲಿಂದ ವಿಮಾನ, ಆಮೇಲೆ ರೈಲು. ಸಮುದ್ರದ ದಂಡೆಯ ಆ ಸಣ್ಣ ಊರಿನ ಹೆಸರು ನನ್ನ ನಾಲಿಗೆಗೆ ಕೊನೆಯವರೆಗೂ ಹೊರಳಲಿಲ್ಲ. ಬೇಸಿಗೆ ಎನ್ನುತ್ತಿದ್ದರು. ನನಗಂತೂ ಸ್ವೆಟರಿನ ಮೇಲೆ ವಲ್ಲಿ ಸುತ್ತಿಕೊಂಡರೂ ಹಲ್ಲು ಕಟಕಟ.

ರಸ್ತೆ ಬದಿಗೆ ಒಂದು ಗೂಡಂಗಡಿ, ಅದರಲ್ಲಿ ಆಲೂಗಡ್ಡೆ ಚೀಲಗಳು. ಮಾರುವವರು ಯಾರೂ ಇಲ್ಲ. ದುಡ್ಡು ಹಾಕಲು ಡಬ್ಬಿ ಇಟ್ಟಿದ್ದಾರೆ. ನಾನು ಸುತ್ತ ಒಂದು ಸಲ ತಿರುಗಿ ನೋಡಿದೆ, ಮರದ ಹಿಂದೆ ಯಾರಾದರೂ ಅಡಗಿ ಕೂತಿರಬಹುದೆಂದು. ಚೌಕಾಸಿ ಮಾಡೋಣವೆಂದರೆ ಎದುರಿಗೆ ಮನುಷ್ಯನೇ ಇಲ್ಲ! ಇದೆಂಥ ವ್ಯಾಪಾರ ಎಂದು ತಲೆ ತಿರುಗಿತು.

ಮುಂದೆ ಒಂದು ಕಾಫಿ ಅಂಗಡಿ. ಹೊರಗೆ, ಆ ಗಾಳಿಯಲ್ಲಿ, ತಳ್ಳುವ ಗಾಡಿಯೊಳಗೆ ಒಂದು ಕೂಸು ಮಲಗಿತ್ತು. ತಾಯಿ ಎಲ್ಲೂ ಕಾಣಲಿಲ್ಲ. ವಡಗೇರಾದ ಬಸ್‌ಸ್ಟ್ಯಾಂಡಿನಲ್ಲಿ ಹೀಗೆ ಕೂಸು ಕಂಡಿದ್ದರೆ ಇಷ್ಟೊತ್ತಿಗೆ ಅರ್ಧ ಊರು ನೆರೆದಿರುತ್ತಿತ್ತು. ನನ್ನನ್ನು ಕರೆದೊಯ್ಯಲು ಬಂದಿದ್ದ ಪೂರ್ಣಿಮಾ ರೊಟ್ಟಿ ಕೊಳ್ಳಲು ಪಕ್ಕದ ಅಂಗಡಿಗೆ ಹೋಗಿದ್ದಳು. ನಾನು ಗಾಡಿಯ ಹಿಡಿಕೆ ಹಿಡಿದು ಕಾವಲು ನಿಂತೆ. ಸ್ವಲ್ಪ ಹೊತ್ತಿಗೆ ಒಬ್ಬಳು ಓಡಿ ಹೊರಬಂದಳು. ಕೂಸನ್ನು ನೋಡಿದಳು, ನನ್ನ ತಲೆಯ ರುಮಾಲು ನೋಡಿದಳು, ಮೀಸೆ ನೋಡಿದಳು, ಮುಖ ಬಿಳಿಚಿಕೊಂಡಳು. ಪೂರ್ಣಿಮಾ ಬಂದು ಬಿಡಿಸಿದಳು.

"ಕಾಕಾ, ಇಲ್ಲಿ ಕೂಸುಗಳ್ನ ತಂಪು ಗಾಳಿಗೆ ಮಲಗಸ್ತಾರ. ತಾಯಿ ಒಳಗಿಂದ ನೋಡಾಕತ್ತಿರ್ತಾಳ. ನೀ ದೇವರಾಣಿ ಯಾರಿಗೂ ಸಹಾಯ ಮಾಡಬ್ಯಾಡ."

ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಳ್ಳಬೇಕಿತ್ತು.

ಸರ್ಕಾರದ ಅಡುಗೆಮನೆ

ಮರುದಿನ ತನ್ನ ಕೆಲಸದ ಜಾಗಕ್ಕೆ ಕರೆದೊಯ್ದಳು. ಊರಂಚಿಗೆ ಒಂದು ಮನೆ. ನೋಡಿದರೆ ಯಾರದೋ ಸಂಸಾರ ಇದ್ದಂತೆ ಒಲೆ, ಮೇಜು, ಹಾಸಿಗೆ, ಗೋಡೆಗೆ ಚಿತ್ರ. ಆದರೆ ಸಂಸಾರ ಯಾರದೂ ಇಲ್ಲ. ಸರ್ಕಾರ ಕಟ್ಟಿಸಿದ ಪರೀಕ್ಷೆಯ ಮನೆ ಅದು. ಲಕ್ವಾ ಹೊಡೆದವರು, ಬಿದ್ದು ಸೊಂಟ ಮುರಿದವರು ಇಲ್ಲಿ ಕೆಲವು ವಾರ ಇದ್ದು ಕಲಿಯುತ್ತಾರೆ. ಕೊನೆಗೆ ತಮ್ಮ ಬೆಳಗಿನ ತಿಂಡಿ ತಾವೇ ಮಾಡಿ, ಕೋಟು ತೊಟ್ಟು, ಬಾಗಿಲು ತೆಗೆದು ಹೊರಗೆ ಹೋಗಿ ತೋರಿಸಬೇಕು. ಅಧಿಕಾರಿಗಳು ನೋಡಿ ಬರೆದುಕೊಳ್ಳುತ್ತಾರೆ.

"ಮುದುಕ ಅಂಗಿ ತೊಟ್ಕೊಳ್ಳೂದು ನೋಡಾಕ ಸರ್ಕಾರ ಪಗಾರ ಕೊಡ್ತದಾ?" ಎಂದೆ.

"ಹೌದು ಕಾಕಾ."

"ನಿನಗೂ?"

"ನನಗೂ."

"ನಮ್ಮೂರಾಗ ಕಟ್ಟಿ ಮ್ಯಾಲ ಕುಂತು ಇದನ್ನ ಪುಕಟ ನೋಡ್ತಾರಲ್ಲಬೇ!"

ನಕ್ಕಳು. ಆಮೇಲೆ ಹೇಳಿದಳು: "ಯಾವ ಸಹಾಯ ಮನುಷ್ಯಾಗ ಬಲ ಕೊಡ್ತದ, ಯಾವುದು ಇದ್ದ ಬಲ ಕಸಗೋತದ, ಇದನ್ನ ಸರ್ಕಾರ ತಿಳ್ಕೊಳ್ಳಾಕತ್ತದ. ಮುಂದ ಕಾನೂನು ಮಾಡಾಕ ಇದು ಬೇಕು. ಇಲ್ಲಿ ನಮಗ ಒಂದೇ ನೇಮ. ಕೈ ಬೆನ್ನ ಹಿಂದ. ಬಿದ್ರ ಹಿಡಿಯಾಕ ನಾವಿದ್ದೀವಿ. ನೀ ಮೂಲ್ಯಾಗ ಕೂಡು. ಏನ ಆದ್ರೂ ಏಳಬ್ಯಾಡ."

ಅಂದಿನ ಪರೀಕ್ಷೆ ಯೆನ್ಸ್ ಎಂಬ ಮುದುಕನದು. ಎತ್ತರದ ಆಳು, ಬಲಗೈ ಅಣ್ಣನ ಕೈಯಂತೆಯೇ ಜೋತುಬಿದ್ದಿತ್ತು. ಆಯುಷ್ಯವೆಲ್ಲ ಕುದುರೆ ವ್ಯಾಪಾರ ಮಾಡಿದವನಂತೆ. ಹೆಂಡತಿ ತೀರಿಕೊಂಡಿದ್ದಾಳೆ. ಊರಾಚೆ ಹೊಲದಲ್ಲಿ ಮನೆ. ಎಷ್ಟೋ ಕುದುರೆ ಮಾರಿದ ಆ ಮನುಷ್ಯ ಒಂದು ಹೆಣ್ಣು ಕುದುರೆಯನ್ನು ಮಾತ್ರ ಮಾರಿಲ್ಲ. ನೆರೆಯವನು ಅದಕ್ಕೆ ಮೇವು ಹಾಕುತ್ತಾನೆ. ಅವನ ಮನೆಯ ಅಡುಗೆ ಕೋಣೆಯ ಕಿಟಕಿಯಿಂದ ಅದು ಮೇಯುವುದು ಕಾಣುತ್ತದಂತೆ. ಮರುದಿನ ಊರಿನ ಆಡಳಿತದವರು ಸಭೆ ಕೂಡುವವರಿದ್ದರು. ಪರೀಕ್ಷೆ ಪೂರ್ತಿಯಾದರೆ ಯೆನ್ಸ್ ಮನೆಗೆ. ಇಲ್ಲದಿದ್ದರೆ ವೃದ್ಧಾಶ್ರಮದಲ್ಲಿ ಒಂದು ಕೋಣೆ ಖಾಲಿಯಾಗಿದೆ, ಅಲ್ಲಿಗೆ. ಆ ಕೋಣೆಯ ಕಿಟಕಿಯಲ್ಲಿ ಕುದುರೆ ಕಾಣುವುದಿಲ್ಲ.

ಶುರುವಾಯಿತು. ಮುಳ್ಳುಗಳಿದ್ದ ಹಲಗೆಗೆ ರೊಟ್ಟಿ ಚುಚ್ಚಿ ನಿಲ್ಲಿಸಿ ಎಡಗೈಯಿಂದ ಕೊಯ್ದ. ಬೆಣ್ಣೆಯ ಡಬ್ಬಿಯನ್ನು ಬಲ ಮೊಣಕೈಯಿಂದ ಎದೆಗೆ ಅವುಚಿ ಮುಚ್ಚಳ ತಿರುಗಿಸಿದ. ಅದು ಜಾರಿತು. ಮತ್ತೆ ಅವುಚಿದ. ಮತ್ತೆ ಜಾರಿತು. ಹಣೆಯಲ್ಲಿ ಬೆವರು. ಎದುರಿಗೆ ಮುಖ್ಯ ಅಧಿಕಾರಿ ಕಿರ್ಸ್ಟನ್ ಮೇಡಂ, ಪಕ್ಕದಲ್ಲಿ ನಮ್ಮ ಪೂರ್ಣಿಮಾ. ಇಬ್ಬರೂ ಗಟ್ಟಿಮುಟ್ಟು ಹೆಂಗಸರು, ಇಬ್ಬರ ಕೈಯೂ ಬೆನ್ನ ಹಿಂದೆ. ನಮ್ಮ ಮನೆಯ ಹುಡುಗಿ ಒಬ್ಬ ಮುದುಕನ ಒದ್ದಾಟವನ್ನು ಕಲ್ಲಿನಂತೆ ನಿಂತು ನೋಡುತ್ತಿದ್ದಾಳೆ! ನನಗೆ ಮೈಯೆಲ್ಲ ಉರಿ. ನಮ್ಮಲ್ಲಿ ಹೀಗೆ ನಿಂತವರಿಗೆ ಊರವರು ಮುಖಕ್ಕೆ ಉಗಿಯುತ್ತಾರೆ.

ಅಣ್ಣನನ್ನು ಅಂಗವಿಕಲರ ಪ್ರಮಾಣಪತ್ರಕ್ಕೆಂದು ಯಾದಗಿರಿಯ ಶಿಬಿರಕ್ಕೆ ಹೊತ್ತು ಒಯ್ದದ್ದು ನೆನಪಾಯಿತು. ಸಾಲಿನಲ್ಲಿ ನಿಂತ ಪ್ರತಿ ಮನೆಯವರೂ ತಮ್ಮ ರೋಗಿಯ ಕಿವಿಯಲ್ಲಿ ಒಂದೇ ಮಾತು ಊದುತ್ತಿದ್ದರು: "ಡಾಕ್ಟರು ಕೇಳಿದ್ರ ಕೈ ಎತ್ತಬ್ಯಾಡ." ನಮ್ಮಲ್ಲಿ ಪರೀಕ್ಷೆ ಎಂದರೆ ಆಗದ್ದನ್ನು ತೋರಿಸುವುದು. ಇಲ್ಲಿ ಆಗುವುದನ್ನು ತೋರಿಸು ಎನ್ನುತ್ತಾರೆ. ಯಾವುದು ದಯೆ, ಯಾವುದು ನಿರ್ದಯೆ ಎಂದು ಯೋಚಿಸುವಷ್ಟು ಪುರುಸೊತ್ತು ನನಗಿರಲಿಲ್ಲ. ಯೆನ್ಸ್ ಕಾಫಿ ಕುಡಿದು, ಕೋಟಿನೊಳಗೆ ಹೇಗೋ ತೋಳು ತೂರಿಸಿ, ಗುಂಡಿ ಹಾಕತೊಡಗಿದ್ದ. ಕೊನೆಯ ಗುಂಡಿ ಕಾಜಿಗೆ ಬರುತ್ತಿತ್ತು, ಜಾರುತ್ತಿತ್ತು. ಬರುತ್ತಿತ್ತು, ಜಾರುತ್ತಿತ್ತು.

ನಾನು ಎದ್ದದ್ದು ನನಗೇ ಗೊತ್ತಾಗಲಿಲ್ಲ. ಹೋಗಿ ಗುಂಡಿ ಹಾಕಿದೆ. ವಲ್ಲಿಯಿಂದ ಅವನ ಹಣೆ ಒರೆಸಿದೆ. ಗೂಟದಲ್ಲಿದ್ದ ಟೋಪಿ ತೆಗೆದು ತಲೆಗೆ ಇಟ್ಟೆ.

ಯೆನ್ಸ್ ತನ್ನ ಎದೆಯ ಮೇಲಿನ ಗುಂಡಿ ನೋಡಿದ. ನನ್ನನ್ನು ನೋಡಿದ. ಟೋಪಿ ಕಿತ್ತು ನೆಲಕ್ಕೆ ಎಸೆದು, ಕೋಲೂರಿ ಹೊರಗೆ ನಡೆದ. ಮುಕ್ಕಾಲು ಜೀವ ಹಿಂಡಿ ಮಾಡಿದ ಪರೀಕ್ಷೆ ನನ್ನ ಎರಡು ಬೆರಳಿನಿಂದ ಕೆಟ್ಟುಹೋಗಿತ್ತು.

ಮೇಡಂ ಮುಂದೆ

ನಮ್ಮ ಕಚೇರಿಗಳಲ್ಲಿ ಪಳಗಿದವನು ನಾನು. ಕಿರ್ಸ್ಟನ್ ಮೇಡಂ ಮುಂದೆ ಕಲಿತದ್ದೆಲ್ಲ ತೆಗೆದೆ. ತಪ್ಪು ನನ್ನದು, ದಂಡ ನನಗೆ ಹಾಕಿ ಎಂದೆ. ಬಾಗಿಲಲ್ಲೇ ಕೂಡುತ್ತೇನೆ, ಏಳುವುದಿಲ್ಲ ಎಂದೆ. ನಿಮ್ಮ ಸಂಶೋಧನೆಗೆ ನಮ್ಮ ಮನೆಯ ಕಥೆ ಪೂರ್ತಿ ಬರೆದುಕೊಳ್ಳಿ, ಬದಲಿಗೆ ಮುದುಕನಿಗೆ ಇನ್ನೊಂದು ಅವಕಾಶ ಕೊಡಿ ಎಂದು ಸೌದಾಕ್ಕೂ ಇಳಿದೆ. ಪೂರ್ಣಿಮಾ ನಾಚಿಕೊಂಡು ಒಂದೊಂದನ್ನೂ ಅವರ ಭಾಷೆಗೆ ಹೇಳಿದಳು. ಮೇಡಂ ಕೊನೆತನಕ ಕೇಳಿ ಒಂದೇ ಮಾತು ಆಡಿದರು. ಪೂರ್ಣಿಮಾ ತಿರುಗಿಸಿ ಹೇಳಿದಳು.

"ಹೊರಗಿನಾವ್ರು ಕೈ ಹಚ್ಚಿದ್ರ ಪರೀಕ್ಷಾ ಹೊಳ್ಳಿ ಮಾಡಬಹುದಂತ ಕಾಕಾ. ನಾಳೆ ಮುಂಜಾನೆ, ಸಭಾಕ್ಕಿಂತ ಮೊದ್ಲ. ನೇಮದಾಗ ಅದ. ಬರೇ ಕೇಳಿದ್ರ ಸಾಕಿತ್ತಂತ."

ತೆರೆದೇ ಇದ್ದ ಬಾಗಿಲನ್ನು ಇಷ್ಟು ಹೊತ್ತು ಭುಜ ಕೊಟ್ಟು ತಳ್ಳಿದ್ದೆ. ಒಂದು ಕಚೇರಿಯಲ್ಲಿ ಕೇಳಿದರೆ ಸಾಕು ಎನ್ನುವ ಮಾತನ್ನು ಕೇಳಲು ನಾನು ಸಮುದ್ರ ದಾಟಿ ಬರಬೇಕಾಯಿತು.

"ಮತ್ತ ಯಾಕ ಇಬ್ರೂ ಮಾರಿ ಸಣ್ಣ ಮಾಡೀರಿ?"

"ಯೆನ್ಸ್ ಒಲ್ಲೆ ಅಂದಾನ. ಬೇಕಂದಾವಗ ಅಷ್ಟೇ ಪರೀಕ್ಷಾ. ಜುಲುಮಿ ಮಾಡಂಗಿಲ್ಲ."

ಸಮುದ್ರದ ಕಡೆಯ ಬೆಂಚು

ಅವನು ಹೊರಗೆ ಬೆಂಚಿನ ಮೇಲೆ ಕೂತಿದ್ದ. ನಾನು ಪಕ್ಕದಲ್ಲಿ ಕೂತೆ. ಪೂರ್ಣಿಮಾ ನಮ್ಮಿಬ್ಬರ ನಡುವೆ ನಿಂತಳು. ಅವನು ಹೇಳಿದ್ದನ್ನು ನಮ್ಮ ಮಾತಿಗೆ ತಂದಳು.

"ನಾ ಏನು ಸರ್ಕಸ್ಸಿನ ಮಂಗ್ಯಾ ಅಲ್ಲ ಅಂತಾನ. ಮಾಡಿ ತೋರ್ಸೀನಿ. ಈ ರುಮಾಲಿನಾಂವ ಬಂದು ಕೂಸಿಗೆ ಹಾಕ್ದಂಗ ಗುಂಡಿ ಹಾಕ್ದ. ಆ ವೃದ್ಧಾಶ್ರಮದ ಖೋಲಿಗೇ ಹೋಗ್ತೀನಿ, ಮುಗೀತು ಅಂತಾನ."

ನಾನು ಕ್ಷಮೆ ಕೇಳಲಿಲ್ಲ. ಸಿಟ್ಟಿನಲ್ಲಿರುವವನಿಗೆ ಕ್ಷಮೆ ಇನ್ನಷ್ಟು ಭಾರ. ಓದುವವರು ಇದೊಂದನ್ನು ನನ್ನಿಂದ ಕಲಿಯಿರಿ: ಕೊಡಲೊಲ್ಲದವನ ಮುಂದೆ ಅವನ ಮಾಲನ್ನು ಹೊಗಳಬೇಡಿ. ಹೊಗಳಿದರೆ ನಕ್ಕು ಸುಮ್ಮನಾಗುತ್ತಾನೆ. ಹಳಿಯಿರಿ, ತಾನೇ ಎದ್ದು ತೋರಿಸಲು ಬರುತ್ತಾನೆ.

"ಸಾವ್ಕಾರ್ರ, ಆ ಕುದುರಿ ಕೊಡ್ತೀರೇನು?"

"ಅದು ಮಾರಾಟಕ್ಕಿಲ್ಲ."

"ಬಿಡ್ರಿ, ತಗೊಳ್ಳಾವರೇ ಯಾರು? ವಯಸ್ಸಾಗಿರ್ತದ. ಹಲ್ಲು ಸವದಿರ್ತಾವ. ಹಿಂದಿನ ಕಾಲು ಕುಂಟತಿರಬೇಕು."

"ಕಾಕಾ, ಇದನ್ನ ನಾ ಹೇಳಂಗಿಲ್ಲ" ಎಂದಳು ಪೂರ್ಣಿಮಾ.

"ಹೇಳಬೇ."

ಹೇಳಿದಳು. ಯೆನ್ಸ್‌ನ ಕಿವಿ ಕೆಂಪಾದವು. ಕೋಲಿನಿಂದ ನೆಲ ಕುಟ್ಟಿ ಏನೇನೋ ಅಂದ.

"ನನ್ನ ಕುದುರಿ ಕುಂಟೂದಿಲ್ಲ, ನಿನ್ನ ನಾಲಿಗಿ ಕುಂಟತದ ಅಂತಾನ. ಹೊಲಕ್ಕ ಬಾ, ಬಾಯಿ ತೆರದು ಹಲ್ಲು ತೋರಿಸ್ತೀನಿ ಅಂತಾನ."

"ಬರ್ತಿದ್ನಿ ಸಾವ್ಕಾರ್ರ. ಆದ್ರ ನೀವು ಖೋಲ್ಯಾಗ ಇದ್ರ ಅದರ ಬಾಯಿ ತೆರಿಯಾವ್ರು ಯಾರು? ಮಗ್ಗಲ ಮನಿಯಾಂವ? ಅಂವ ನನಗ ಅದನ್ನ ಪುಕಟ ಕೊಟ್ಟು ಕಳಸ್ತಾನ."

ಇದನ್ನು ಕೇಳಿ ಅವನು ಸಮುದ್ರದ ಕಡೆ ತಿರುಗಿದ. ನಾನೂ ನೋಡಿದೆ. ನಾರಾಯಣಪುರದ ಅಣೆಕಟ್ಟೆ ತುಂಬಿದಾಗಲೂ ಆಚೆಯ ದಡ ಕಣ್ಣಿಗೆ ಬೀಳುತ್ತದೆ. ಇಲ್ಲಿ ಏನೂ ಇಲ್ಲ, ಬರೇ ನೀರು.

ವಲ್ಲಿ ತೆಗೆದು ನಮ್ಮಿಬ್ಬರ ನಡುವೆ ಹರವಿದೆ. ನಮ್ಮ ದನದ ಸಂತೆಯ ಪದ್ಧತಿ ಹೇಳಿದೆ. ಬಟ್ಟೆಯ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಬೆಲೆ ಹೇಳುತ್ತೇವೆ. ಸುತ್ತ ನಿಂತವರಿಗೆ ಗೊತ್ತಾಗಬಾರದು. ಒಪ್ಪಿದರೆ ಬಿಗಿ ಹಿಡಿ, ಒಲ್ಲೆಯಾದರೆ ಬೆರಳು ಎಳೆದುಕೊ. ಯೆನ್ಸ್ ಮೊದಲ ಸಲ ನನ್ನ ಮುಖ ನೆಟ್ಟಗೆ ನೋಡಿದ. ಅವರ ಕುದುರೆ ಸಂತೆಯಲ್ಲಿ ಮುಚ್ಚುಮರೆ ಇಲ್ಲವಂತೆ. ಒಪ್ಪಿದರೆ ಊರಿಗೆ ಕೇಳುವಂತೆ ಅಂಗೈಗೆ ಅಂಗೈ ಬಡಿಯುತ್ತಾರಂತೆ.

"ನನ್ನ ಸೌದಾ ಇಷ್ಟೇ. ನಾಳೆ ಗುಂಡಿ ನೀವ ಹಾಕ್ಕೊಳ್ಳೂದು. ಆಮ್ಯಾಲ ಕುದುರಿ ಹಲ್ಲು ನಾ ನೋಡೂದು."

ಎಡಗೈ ತಂದ. ಅರ್ಧಕ್ಕೆ ನಿಲ್ಲಿಸಿ ಹಿಂದೆ ತೆಗೆದುಕೊಂಡ. ತೊಡೆಯ ಮೇಲೆ ಬಿದ್ದಿದ್ದ ಬಲಗೈಯನ್ನು ನೋಡಿದ. ಅದು ಹೊರಟಿತು. ಎಷ್ಟು ನಿಧಾನ ಎಂದರೆ, ನನ್ನ ಕೈಯೇ ಹೋಗಿ ಅದನ್ನು ಹಿಡಿದು ಎಳೆದುಕೊಳ್ಳಲು ಹಟ ಮಾಡಿತು. ಹಲ್ಲು ಕಚ್ಚಿ ಕೂತೆ. ಕೊನೆಗೆ ವಲ್ಲಿಯ ಕೆಳಗೆ ತಣ್ಣಗಿನ ಬೆರಳುಗಳು ನನ್ನ ಅಂಗೈಗೆ ಬಂದು ಸೇರಿದವು, ಒತ್ತಿದವು. ಆಮೇಲೆ ಅವನು ಎಡಗೈಯಿಂದ ವಲ್ಲಿ ಸರಿಸಿ, ಅದೇ ಬಲಗೈಯನ್ನು ನನ್ನ ಕೈಮೇಲೆ ಬೀಳಿಸಿದ. ಸಪ್ಪಳವೇನೂ ಬರಲಿಲ್ಲ. ಆದರೂ ಅದು ಬಡಿದದ್ದೇ.

ಮತ್ತೆ ಅಡುಗೆಮನೆ

ಮರುದಿನ ಮುಂಜಾನೆ ನಾನು ನನ್ನ ಎರಡೂ ಕೈಗಳ ಮೇಲೆ ಕೂತೆ. ಕಾಫಿ ಮೇಜಿನ ಮೇಲೆ ಚೆಲ್ಲಿತು. ರೊಟ್ಟಿಯ ಚೂರು ನೆಲಕ್ಕೆ ಬಿತ್ತು. ಉದ್ದನೆಯ ಇಕ್ಕಳದಂಥ ಕೋಲಿನಿಂದ ಎತ್ತಿಕೊಂಡ. ಕೋಟು ತೊಟ್ಟ. ಗುಂಡಿಗಳು. ಕೊನೆಯ ಗುಂಡಿ ಕಾಜಿಗೆ ಹೋಗಿ ಹೊರಬಂದಾಗ ನನ್ನ ಬಾಯಿಂದ "ಅಯ್ಯ ಯಪ್ಪಾ" ಎಂದು ಬಂದೇಬಿಟ್ಟಿತು. ಪೂರ್ಣಿಮಾ ಕಣ್ಣು ಕಿಸಿದು ನೋಡಿದಳು. ಯೆನ್ಸ್ ಉಸಿರು ಎಳೆದುಕೊಂಡು ಮತ್ತೆ ಶುರು ಮಾಡಿದ. ಬಲಗೈ ಬಟ್ಟೆಯನ್ನು ಹಿಡಿದು ನಿಂತಿತು, ಎಡಗೈ ಗುಂಡಿಯನ್ನು ತಳ್ಳಿತು. ಗುಂಡಿ ಕೂತಿತು.

ಗೂಟದಿಂದ ಟೋಪಿ ತಾನೇ ತೆಗೆದು ಇಟ್ಟುಕೊಂಡ. ಬಾಗಿಲು ತೆಗೆದ. ಹಿಂದಿರುಗಿ ನೋಡದೆ ಹೊರಗೆ ಹೋದ.

ಆಗ ಕಿರ್ಸ್ಟನ್ ಮೇಡಂ ಬೆನ್ನ ಹಿಂದಿನಿಂದ ಕೈ ತೆಗೆದರು. ಅಂಗೈಯಲ್ಲಿ ಉಗುರು ನೆಟ್ಟ ಕೆಂಪು ಗುರುತುಗಳು. ಪೂರ್ಣಿಮಾಳ ಅಂಗೈಯಲ್ಲೂ. ಈ ದೇಶದಲ್ಲಿ ನಾನು ಕಂಡದ್ದರಲ್ಲಿ ನನಗೆ ಅತಿ ದೊಡ್ಡ ಆಘಾತ ಅದೇ. ನಿನ್ನೆಯಿಂದ ಅವರನ್ನು ಕಲ್ಲು ಎಂದುಕೊಂಡಿದ್ದೆ.

"ಇದನ್ನ ಊರಾಗ ಪುಕಟ ನೋಡ್ತಾರ ಅಂದಿದ್ದಿಯಲ್ಲ ಕಾಕಾ?" ಎಂದಳು.

ಸಭೆಯಲ್ಲಿ ಯೆನ್ಸ್ ಮನೆಗೆ ಹೋಗಬಹುದೆಂದಾಯಿತು. ಸ್ನಾನಕ್ಕೆ ಮಾತ್ರ ಬೆಳಿಗ್ಗೆ ಒಬ್ಬರು ಬಂದು ನೆರವಾಗುತ್ತಾರೆ. ಮಾತಿನಂತೆ ಅವನ ಹೊಲಕ್ಕೆ ಹೋಗಿ ಕುದುರೆಯ ಬಾಯಿ ನೋಡಿದೆ. ಹಲ್ಲು ಸವೆದಿದ್ದವು. ವ್ಯಾಪಾರದಲ್ಲಿ ಹಲ್ಲಿನ ವಿಷಯಕ್ಕೆ ಸುಳ್ಳು ಹೇಳುವವನು ನಾನಲ್ಲ, ಇದ್ದದ್ದು ಹೇಳಿದೆ. "ನನಗ ಗೊತ್ತದ ಅಂತಾನ" ಎಂದಳು ಪೂರ್ಣಿಮಾ. ಕುದುರೆ ಮಾತ್ರ ಕುಂಟುತ್ತಿರಲಿಲ್ಲ. ಅದನ್ನೂ ಹೇಳಿದೆ. ಮುದುಕ ಮುಖ ಆಚೆ ತಿರುಗಿಸಿಕೊಂಡು ಅದರ ಕುತ್ತಿಗೆ ತಟ್ಟಿದ.

ಹೊರಡುವ ಮೊದಲು ಕಿರ್ಸ್ಟನ್ ಮೇಡಂ ಅಣ್ಣನ ಬಗ್ಗೆ ಕೇಳಿದರು. ಅವನ ಬಲಗೈ ಏನೇನು ಮಾಡುತ್ತದೆ? ಅದು ಮಾಡದ ಕೆಲಸಗಳನ್ನು ಒಂದೇ ಉಸಿರಿಗೆ ಹೇಳಬಲ್ಲವನಾಗಿದ್ದೆ. ಮಾಡುವ ಕೆಲಸ ಒಂದೂ ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಆ ಪ್ರಶ್ನೆಯನ್ನು ಆ ಕೈಗೆ ಯಾರೂ ಕೇಳಿರಲಿಲ್ಲ. ತಾನೇ ಏಳುವ ಮಂಚದ ಮಾತನ್ನು ನಾನು ಎತ್ತಲೇ ಇಲ್ಲ.

ಶಹಾಪುರ

"ಮಂಚ ಎಲ್ಲಿ?" ಎಂದಳು ಅತ್ತಿಗೆ, ನನ್ನ ಹಿಂದೆ ಲಾರಿ ಬಂದಿರಬಹುದೇನೋ ಎಂದು ಬಾಗಿಲ ಕಡೆ ಇಣುಕುತ್ತ.

"ಬರಿಗೈಲೆ ಬಂದಿಯೇನಲೇ?" ಎಂದ ಅಣ್ಣ. "ದಲಾಲ ಆಗಿ ನನ್ನ ಹೆಸರು ಕೆಡಿಸಿದಿ."

ನಾನು ಮಂಚದ ಅಂಚಿಗೆ ಕೂತೆ. ಹೆಗಲ ಮೇಲಿನ ವಲ್ಲಿ ತೆಗೆದು ಅಣ್ಣನ ಬಲಗೈಮೇಲೆ ಹಾಸಿದೆ.

"ಅದ್ಯಾಕ ಹಿಡೀತಿ ಭೀಮರಾಯ, ಸತ್ತ ಕೈ ಅದು" ಎಂದು ಅತ್ತಿಗೆ ಚಹಾದ ಬಟ್ಟಲು ಹಿಡಿದು ಮುಂದೆ ಬಂದಳು.

"ಅತ್ತಿಗಿ, ಬಟ್ಟಲ ಕೆಳಗ ಇಡು. ಕೈ ಜರಾ ಬೆನ್ನ ಹಿಂದ ಕಟ್ಟು."

"ಅಲ್ಲಿಯ ಚಳಿಗೆ ಇವನ ತಲಿ ಕೆಟ್ಟದ" ಎಂದು ಸೊಸೆಯ ಮುಖ ನೋಡಿದಳು. ಆದರೂ ಬಟ್ಟಲು ಇಟ್ಟಳು.

ವಲ್ಲಿಯ ಕೆಳಗೆ ಅಣ್ಣನ ಬೆರಳು ಹಿಡಿದೆ. ಹತ್ತಿಯ ಬತ್ತಿಯಂತೆ ಮೆತ್ತಗಿದ್ದವು. "ಬಳಿಚಕ್ರದಿಂದ ಒಂದು ಎತ್ತಿನ ಜೋಡಿ ಬಂದದ ಅಣ್ಣ. ಬೆಲಿ ಹೇಳ್ತೀನಿ, ನೋಡು" ಎಂದು ಅವನು ಕಲಿಸಿದಂತೆಯೇ ಬೆರಳು ಒತ್ತಿದೆ. ತೀರಾ ಅನ್ಯಾಯದ ಬೆಲೆ ಹೇಳಿದೆ.

ಅಣ್ಣನ ಕಣ್ಣು ಕಿರಿದಾದವು. ಸಂತೆಯಲ್ಲಿ ಆಗುತ್ತಿದ್ದಂತೆ. ಚಹಾದ ಮೇಲೆ ಕೆನೆ ಕಟ್ಟಿತು. ಅತ್ತಿಗೆಯ ಬಳೆಗಳು ಬೆನ್ನ ಹಿಂದೆ ಸದ್ದು ಮಾಡಿದವು, ಸುಮ್ಮನಾದವು. ನಾನು ಕಾದೆ.

ವಲ್ಲಿ ಅಲುಗಿತು. ಅಣ್ಣನ ತೋರುಬೆರಳು ನನ್ನ ಹಿಡಿತದಿಂದ, ಒಂದು ಕೂದಲಿನಷ್ಟು, ಹಿಂದಕ್ಕೆ ಎಳೆದುಕೊಂಡಿತು.

ಮೊದಲ ಬೆಲೆಗೆ ಅವನು ಎಂದೂ ಒಪ್ಪಿದವನಲ್ಲ.